ಸೈಲೇನ್ ಡ್ರಮ್ಮಿಗೆ ಮೊದಲು ಥರ್ಮಾಮೀಟರ್: ರಬ್ಬರ್ ಘಟಕಗಳ ಬಂಧುಗಳಿಗೆ ಬಹಿರಂಗ ಪತ್ರ

ಪೀಣ್ಯ, ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಬೆಳಗಾವಿಯ ಉದ್ಯಮಬಾಗ, ಹೀಗೆ ರಾಜ್ಯದ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರ್ ಬಿಡಿಭಾಗ ತಯಾರಿಸುತ್ತಿರುವ ಸಣ್ಣ ಘಟಕಗಳ ಮಾಲೀಕರೆ, ಮಿಕ್ಸಿಂಗ್ ಮಿಲ್ ಮುಂದೆ ನಿಲ್ಲುವ ಅಣ್ಣಂದಿರೆ, ತೂಕದ ಕೋಣೆಯಲ್ಲಿ ಕೆಮಿಕಲ್ ತೂಗಿಕೊಡುವ ಅಕ್ಕಂದಿರೆ,



ರಬ್ಬರ್ ಕಾಂಪೌಂಡಿನ ಕೆಲಸದಲ್ಲೇ ಬದುಕು ಕಟ್ಟಿಕೊಂಡವನು ನಾನು. ಈಚೆಗೆ ನಿಮ್ಮಲ್ಲಿ ಅನೇಕರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ‘ಸಿಲಿಕಾ ಕಾಂಪೌಂಡಿಗೆ ಸೈಲೇನ್ ಹಾಕಿದ್ವಿ ಸಾರ್, ದುಡ್ಡು ಹೋಯ್ತು, ಸ್ಟ್ರೆಂತ್ ಬರಲಿಲ್ಲ. ಮಾಲೇ ಸರಿ ಇಲ್ವಾ?’ ಒಬ್ಬೊಬ್ಬರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಬಹಳ ಸಲ ಮಾಲು ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬೇಕಾದ ಶಾಖವೂ ಸಮಯವೂ ಸಿಕ್ಕಿರುವುದಿಲ್ಲ. ಎಣ್ಣೆ ಹಾಕಿದರೆ ಎಣ್ಣೆಯಾಗಿಯೇ ಒಳಗೆ ಉಳಿಯುತ್ತದೆ. ಸೈಲೇನ್ ಹಾಗಲ್ಲ, ಅದು ಮಿಕ್ಸರಿನೊಳಗೆ ಬೇರೆಯದೇ ಆಗಬೇಕು. ಆಗದೇ ಹೋದರೆ ನೀವು ಕಾಂಪೌಂಡಿಗೆ ಹಾಕಿದ್ದು ದುಬಾರಿ ಎಣ್ಣೆ, ಅಷ್ಟೆ.

ಮೊದಲು ಫಿಲ್ಲರ್ ವಿಷಯ. ನಮ್ಮ ಬಹುತೇಕ ಶೆಡ್ಡುಗಳಲ್ಲಿ ಫಿಲ್ಲರ್ ಅಂದರೆ ರೇಟು ಇಳಿಸುವ ಪುಡಿ. ವೈಟಿಂಗ್, ಚೈನಾ ಕ್ಲೇ ಕೆಜಿ ಲೆಕ್ಕದಲ್ಲಿ ಅಗ್ಗ, ನಿಜ. ಆದರೆ ನಾವು ಮಾರುವುದು ಬುಷ್, ಗ್ಯಾಸ್ಕೆಟ್, ಗ್ರೊಮೆಟ್. ಮೋಲ್ಡಿನ ಕುಳಿಗೆ ತೂಕದ ಲೆಕ್ಕವಿಲ್ಲ, ಗಾತ್ರದ ಲೆಕ್ಕ. 100 ಕೆಜಿ ನೈಸರ್ಗಿಕ ರಬ್ಬರ್ ಅಂದರೆ ಸುಮಾರು 109 ಲೀಟರ್. ಅದಕ್ಕೆ 100 ಕೆಜಿ ವೈಟಿಂಗ್ ಸುರಿದರೆ ತೂಕ ದುಪ್ಪಟ್ಟಾಗುತ್ತದೆ, ಗಾತ್ರ ಹೆಚ್ಚುವುದು 37 ಲೀಟರ್ ಮಾತ್ರ. ಯಾಕೆಂದರೆ ವೈಟಿಂಗ್‌ನ ಸಾಂದ್ರತೆ 2.7, ರಬ್ಬರಿನದು 0.92. ಪೀಸುಗಳ ಸಂಖ್ಯೆ ಮೂರನೇ ಒಂದರಷ್ಟು ಏರಿತು. ಅದಕ್ಕಾಗಿ ಹರಿಯದೆ ತಡೆಯುವ ಶಕ್ತಿ, ಸವೆತದ ಬಾಳಿಕೆ ಎರಡನ್ನೂ ಬಿಟ್ಟುಕೊಟ್ಟಾಯಿತು. ಕಾಂಪೌಂಡಿನ ದರವನ್ನು ಕೆಜಿಗೆ ಎಷ್ಟು ಎಂದು ಹಾಕುವವರು ಒಮ್ಮೆ ಲೀಟರಿಗೆ ಎಷ್ಟು ಎಂದು ಹಾಕಿ ನೋಡಿ. ಎಷ್ಟೋ ಫಾರ್ಮುಲಾಗಳು ಅವತ್ತೇ ಬದಲಾಗುತ್ತವೆ.

ಫಿಲ್ಲರ್‌ನ ನಿಜವಾದ ಬೆಲೆ ಗೊತ್ತಾಗಿ ನೂರು ವರ್ಷ ದಾಟಿದೆ. 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್‌ನ ರಬ್ಬರ್ ಕಾರ್ಖಾನೆಯಲ್ಲಿ ಎಸ್. ಸಿ. ಮೋಟ್ ಎಂಬ ರಸಾಯನತಜ್ಞ ಕಾರ್ಬನ್ ಬ್ಲ್ಯಾಕ್ ಬೆರೆಸಿದ ರಬ್ಬರ್ ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡ. ಅಲ್ಲಿಯವರೆಗೆ ಟಯರ್‌ಗಳು ಝಿಂಕ್ ಆಕ್ಸೈಡಿನಿಂದಾಗಿ ಬಿಳಿ ಬಿಳಿಯಾಗಿರುತ್ತಿದ್ದವು. ಎಸ್‌ಬಿಆರ್ ಎಂಬ ಕೃತಕ ರಬ್ಬರ್ ಬಳಸುವವರಿಗೆ ಫಿಲ್ಲರಿನ ಈ ಬೆಲೆ ಅನುಭವದಿಂದಲೇ ಗೊತ್ತು. ಫಿಲ್ಲರ್ ಇಲ್ಲದ ಎಸ್‌ಬಿಆರ್ ಎಳೆದರೆ 2–3 ಮೆಗಾಪಾಸ್ಕಲ್‌ಗೆ ಹರಿದುಹೋಗುತ್ತದೆ, ಒಳ್ಳೆಯ ಕಾರ್ಬನ್ ಬ್ಲ್ಯಾಕ್ ಸೇರಿದರೆ 20 ದಾಟುತ್ತದೆ. ಈ ಹತ್ತು ಪಟ್ಟು ಶಕ್ತಿ ಬರುವುದು ಪುಡಿಯ ಮೈಯೂ ರಬ್ಬರಿನ ಸರಪಳಿಯೂ ಒಂದನ್ನೊಂದು ಹಿಡಿದುಕೊಳ್ಳುವುದರಿಂದ. ಕಾರ್ಬನ್ ಬ್ಲ್ಯಾಕ್‌ಗೆ ರಬ್ಬರ್ ತಾನಾಗಿಯೇ ಅಂಟುತ್ತದೆ, ಯಾರ ಮಧ್ಯಸ್ಥಿಕೆಯೂ ಬೇಡ.

ಕಷ್ಟ ಶುರುವಾಗುವುದು ಬಿಳಿ ಪುಡಿಗಳಲ್ಲಿ. ಬಣ್ಣದ ಮ್ಯಾಟ್, ಚಪ್ಪಲಿ ಸೋಲ್, ಕರೆಂಟ್ ಹರಿಯಬಾರದ ಬಿಡಿಭಾಗ, ಇವಕ್ಕೆಲ್ಲ ಕಪ್ಪು ಒಗ್ಗುವುದಿಲ್ಲ, ಪ್ರೆಸಿಪಿಟೇಟೆಡ್ ಸಿಲಿಕಾ ಬೇಕು. ಟಯರಿಗೆ ಬಳಸುವ ಸಾಮಾನ್ಯ ದರ್ಜೆಯ ಸಿಲಿಕಾ ಒಂದು ಗ್ರಾಂ ತೆಗೆದುಕೊಂಡು ಅದರ ಕಣಗಳ ಮೈಯನ್ನೆಲ್ಲ ಹಾಸಿದರೆ 175 ಚದರ ಮೀಟರ್ ಆಗುತ್ತದೆ, ಬೆಂಗಳೂರಿನ ಒಂದೂವರೆ ತರ್ಟಿ-ಫಾರ್ಟಿ ಸೈಟಿನಷ್ಟು. ಆ ಮೈಯ ತುಂಬ ಸಿಲನಾಲ್ ಎಂಬ ಗುಂಪುಗಳು. ಅವಕ್ಕೆ ನೀರು ಇಷ್ಟ, ತಮ್ಮಂಥದೇ ಇನ್ನೊಂದು ಕಣ ಇಷ್ಟ, ರಬ್ಬರ್ ಮಾತ್ರ ಆಗಿಬರುವುದಿಲ್ಲ. ಆದ್ದರಿಂದ ಸಿಲಿಕಾ ರಬ್ಬರಿನೊಳಗೆ ಹರಡುವ ಬದಲು ತನ್ನ ತನ್ನಲ್ಲೇ ಬಲೆ ಕಟ್ಟಿಕೊಳ್ಳುತ್ತದೆ. ಕಾಂಪೌಂಡ್ ಮಿಲ್ಲಿನ ಮೇಲೆ ಒಣಗಿದ ಹಾಗೆ ಬಿಗಿಯುತ್ತದೆ, ರೋಲರ್ ಬಿಟ್ಟು ಮೇಲೇಳುತ್ತದೆ. ಜೊತೆಗೆ ಅದೇ ಸಿಲನಾಲ್ ನೀವು ಹಾಕಿದ ಆಕ್ಸಿಲರೇಟರನ್ನು ಹೀರಿ ಇಟ್ಟುಕೊಳ್ಳುತ್ತದೆ. ಪ್ರೆಸ್ಸಿನಲ್ಲಿ ಕ್ಯೂರ್ ಟೈಮ್ ಏರಿಸುತ್ತಾ ಹೋಗಬೇಕಾಗುತ್ತದೆ.

ಈ ಬಲೆಯ ಸ್ವಭಾವವನ್ನು 1960ರ ದಶಕದಲ್ಲಿ ಬ್ರಿಟನ್ನಿನ ಎ. ಆರ್. ಪೇನ್ ವಿವರವಾಗಿ ಅಳೆದು ತೋರಿಸಿದರು, ಈಗಲೂ ಅದಕ್ಕೆ ಪೇನ್ ಪರಿಣಾಮ ಎಂದೇ ಹೆಸರು. ತೀರಾ ಸಣ್ಣಗೆ ಅಲುಗಿಸಿದಾಗ ಕಾಂಪೌಂಡ್ ಗಡುಸಾಗಿರುತ್ತದೆ. ಅಲುಗಾಟ ಹೆಚ್ಚಿದಂತೆ ಬಲೆ ಮುರಿದು ಮೆತ್ತಗಾಗುತ್ತದೆ. ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಮುರಿಯುವುದಕ್ಕೆ, ಕೂಡುವುದಕ್ಕೆ ಖರ್ಚಾದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ನೀವು ಮಾಡಿಕೊಟ್ಟ ಎಂಜಿನ್ ಮೌಂಟ್ ಬಿಸಿಯಾಗಿ ಬೇಗ ಸಾಯುವುದರ ಹಿಂದೆ ಈ ಬಲೆಯೂ ಇರಬಹುದು. ಟಯರಿನಲ್ಲಿ ಹೀಗೆ ಬಿಸಿಯಾಗಿ ಹೋಗುವುದು ಪೆಟ್ರೋಲು.

ಸಣ್ಣ ಘಟಕಗಳಲ್ಲಿ ಇದಕ್ಕೊಂದು ಹಳೆಯ ಮದ್ದು ಇದೆ: ಡಿಇಜಿ ಅಥವಾ ಪಿಇಜಿ 4000. ಚಪ್ಪಲಿ ಸೋಲ್ ಮಾಡುವವರೆಲ್ಲ ಬಲ್ಲರು. ಅದು ಸಿಲನಾಲ್ ಗುಂಪುಗಳ ಮೇಲೆ ಕೂತು ಅವುಗಳ ಬಾಯಿ ಮುಚ್ಚಿಸುತ್ತದೆ, ಆಕ್ಸಿಲರೇಟರ್ ಉಳಿಯುತ್ತದೆ, ಕಾಂಪೌಂಡ್ ಸ್ವಲ್ಪ ಮೆತ್ತಗಾಗುತ್ತದೆ. ಸೋಲಿಗೆ ಇಷ್ಟು ಸಾಕು, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅದು ಸಿಲಿಕಾವನ್ನು ರಬ್ಬರಿಗೆ ಕಟ್ಟುವುದಿಲ್ಲ. ಕಟ್ಟಬೇಕಾದರೆ ಎರಡೂ ಕಡೆ ಕೈಯಿರುವ ಅಣು ಬೇಕು, ಅದೇ ಸೈಲೇನ್.

ನಮ್ಮಲ್ಲಿ ‘ಸೈಲೇನ್’ ಎಂದಷ್ಟೇ ಹೇಳಿದರೆ ಸಾಮಾನ್ಯವಾಗಿ ಅರ್ಥ ಟಿಇಎಸ್‌ಪಿಟಿ, ಹಳದಿ ಬಣ್ಣದ, ಗಂಧಕದ ಜಾಡಿನ ದ್ರವ. ಅದರ ಎರಡು ತುದಿಯಲ್ಲಿ ಎಥಾಕ್ಸಿ ಗುಂಪುಗಳು, ನಡುವೆ ಗಂಧಕದ ಸರಪಳಿ. ಎಥಾಕ್ಸಿ ತುದಿಗಳು ಸಿಲಿಕಾದ ಮೈಗೆ ಬೆಸೆದುಕೊಳ್ಳುವಾಗ ಇಥನಾಲ್ ಬಿಡುಗಡೆಯಾಗುತ್ತದೆ. ಗಂಧಕದ ಭಾಗ ಆಮೇಲೆ, ಪ್ರೆಸ್ಸಿನಲ್ಲಿ ಕ್ಯೂರ್ ಆಗುವ ಹೊತ್ತಿಗೆ, ರಬ್ಬರಿನ ಸರಪಳಿಯನ್ನು ಹಿಡಿಯುತ್ತದೆ. ಎರಡು ಕ್ರಿಯೆ, ಎರಡು ಸಮಯ. ಮೊದಲನೆಯದು ಮಿಕ್ಸರಿನಲ್ಲೇ ಮುಗಿಯಬೇಕು, ಎರಡನೆಯದು ಮಿಕ್ಸರಿನಲ್ಲಿ ಆರಂಭವೇ ಆಗಬಾರದು. ಇದಕ್ಕೆ ಸಿಗುವ ಜಾಗ ಬಹಳ ಇಕ್ಕಟ್ಟಿನದು. ಕಾಂಪೌಂಡಿನ ಶಾಖ 130 ಡಿಗ್ರಿಗಿಂತ ಕೆಳಗಿದ್ದರೆ ಮೊದಲ ಕ್ರಿಯೆ ತೆವಳುತ್ತದೆ. 140ರಿಂದ 155 ಡಿಗ್ರಿಯಲ್ಲಿ ಕೆಲವು ನಿಮಿಷ ಹಿಡಿದಿಟ್ಟರೆ ಚೆನ್ನಾಗಿ ಆಗುತ್ತದೆ. 160 ದಾಟಿದರೆ ಗಂಧಕ ಬಿಚ್ಚಿಕೊಂಡು ಮಿಕ್ಸರಿನಲ್ಲೇ ಸ್ಕಾರ್ಚ್, ಅಂದರೆ ಅಕಾಲದ ಕ್ಯೂರ್, ಹಿಡಿಯುತ್ತದೆ.

ಈಗ ನಿಮ್ಮ ಓಪನ್ ಮಿಲ್ ನೆನೆಸಿಕೊಳ್ಳಿ. ರೋಲರಿನೊಳಗೆ ತಣ್ಣೀರು ಓಡುತ್ತಿದೆ. ಹಾಳೆಯ ಶಾಖ ಕಷ್ಟಪಟ್ಟರೂ ನೂರರ ಆಸುಪಾಸು. ಅಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ಟಿಇಎಸ್‌ಪಿಟಿ ಬೆಸೆಯುವುದು ಅಷ್ಟಕ್ಕಷ್ಟೆ. ಉಳಿದದ್ದರಲ್ಲಿ ಒಂದಿಷ್ಟು ಪ್ರೆಸ್ಸಿನೊಳಗೆ ಅವಸರದಲ್ಲಿ ಪ್ರತಿಕ್ರಿಯಿಸುತ್ತದೆ. ಆಗ ಬಿಟ್ಟ ಇಥನಾಲ್‌ಗೆ ಹೊರಹೋಗಲು ದಾರಿಯಿಲ್ಲದೆ ಪೀಸಿನೊಳಗೆ ಸಣ್ಣ ಸಣ್ಣ ಗುಳ್ಳೆ ಬರುತ್ತದೆ. ‘ಸೈಲೇನ್ ಹಾಕಿದ ಮೇಲೆ ರಿಜೆಕ್ಷನ್ ಜಾಸ್ತಿಯಾಯಿತು’ ಎಂದು ನೀವು ಹೇಳುವುದರಲ್ಲಿ ಸತ್ಯವಿದೆ, ಕಾರಣ ಬಹುಮಟ್ಟಿಗೆ ಇದು.

ನೀಡರ್, ಅಂದರೆ ಮುಚ್ಚಿದ ಚೇಂಬರಿನ ಮಿಕ್ಸರ್, ಇರುವವರೂ ಪಾರಾಗಿಲ್ಲ. ಪ್ಯಾನೆಲ್ಲಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಚೇಂಬರಿನ ಗೋಡೆಗೆ ಕೂರಿಸಿದ ಥರ್ಮೋಕಪಲ್‌ನದು, ಕಾಂಪೌಂಡಿನ ಹೊಟ್ಟೆಯೊಳಗಿನ ಶಾಖ ಅದಕ್ಕಿಂತ ಬೇರೆ. ಹೀಗೆ ಮಾಡಿ: ಬ್ಯಾಚ್ ಕೆಳಗೆ ಬಿದ್ದ ತಕ್ಷಣ, ಇನ್ನೂ ಮಿಲ್ಲಿಗೆ ಹಾಕುವ ಮುಂಚೆ, ಚಾಕುವಿನಿಂದ ಉಂಡೆಯನ್ನು ಸೀಳಿ, ಸೂಜಿ ಮೊನೆಯ ಪೈರೋಮೀಟರನ್ನು ಒಳಗೆ ಚುಚ್ಚಿ ಅಂಕಿ ನಿಲ್ಲುವವರೆಗೆ ಕಾಯಿರಿ. ಮೂರು ಕಡೆ ಚುಚ್ಚಿ, ಬ್ಯಾಚ್ ಕಾರ್ಡಿನಲ್ಲಿ ಮೂರನ್ನೂ ಬರೆಯಿರಿ. ಈ ಉಪಕರಣಕ್ಕೆ ಒಂದು ಡ್ರಮ್ ಸೈಲೇನಿಗೆ ಕೊಡುವುದರಲ್ಲಿ ಸಣ್ಣದೊಂದು ಪಾಲು ಸಾಕು. ಡ್ರಮ್ಮಿಗಿಂತ ಮೊದಲು ಅದನ್ನು ಕೊಳ್ಳಿ ಎಂಬುದೇ ಈ ಪತ್ರದಲ್ಲಿ ನನ್ನ ಮುಖ್ಯ ಮಾತು. ಶಾಖ ಮುಟ್ಟಿದ್ದರೆ ಉಂಡೆ ಸೀಳಿದಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಅದು ಕ್ರಿಯೆ ನಡೆದಿರುವುದರ ಸುಳಿವು. ಅದನ್ನು ಮೂಸುತ್ತಾ ನಿಲ್ಲಬೇಡಿ. 50 ಕೆಜಿ ಬ್ಯಾಚಿನಲ್ಲಿ 10 ಕೆಜಿ ಸಿಲಿಕಾ ಇದ್ದರೆ, ರೂಢಿಯ ಪ್ರಕಾರ ಅದರ ಶೇ. 8ರಷ್ಟು, ಅಂದರೆ 800 ಗ್ರಾಂ ಸೈಲೇನ್ ಬೀಳುತ್ತದೆ. ಅದು ಪೂರ್ತಿ ಪ್ರತಿಕ್ರಿಯಿಸಿದರೆ 400 ಗ್ರಾಂವರೆಗೆ ಇಥನಾಲ್ ಆವಿ ಹೊರಬರುತ್ತದೆ. ನೀಡರಿನ ತಲೆಯ ಮೇಲೆ ಹುಡ್ ಹಾಕಿ ಫ್ಯಾನ್ ಕೂರಿಸದೆ ಈ ಕೆಲಸಕ್ಕೆ ಕೈಹಾಕಬಾರದು. ಹತ್ತಿರ ಬೀಡಿ, ವೆಲ್ಡಿಂಗ್ ಖಂಡಿತ ಕೂಡದು.

ಹಾಕುವ ಅನುಕ್ರಮವೂ ಅಷ್ಟೇ ಮುಖ್ಯ. ನಮ್ಮಲ್ಲಿ ಹಳೆಯ ಅಭ್ಯಾಸ ಎಂದರೆ ರಬ್ಬರ್ ಅರೆದ ಕೂಡಲೆ ಝಿಂಕ್ ಆಕ್ಸೈಡ್, ಸ್ಟಿಯರಿಕ್ ಆಸಿಡ್ ಸುರಿಯುವುದು. ಕಾರ್ಬನ್ ಬ್ಲ್ಯಾಕ್ ಕಾಂಪೌಂಡಿಗೆ ಅದು ಸರಿ. ಸಿಲಿಕಾ ಕಾಂಪೌಂಡಿನಲ್ಲಿ ಆ ಎರಡೂ ಸಿಲಿಕಾದ ಮೈಯ ಮೇಲೆ ಸೈಲೇನಿನ ಜೊತೆ ಜಾಗಕ್ಕೆ ಜಗಳವಾಡುತ್ತವೆ. ಆದ್ದರಿಂದ ಮೊದಲು ರಬ್ಬರ್, ಆಮೇಲೆ ಸಿಲಿಕಾ ಮತ್ತು ಸೈಲೇನ್ ಎರಡು ಮೂರು ಕಂತಿನಲ್ಲಿ, ಶಾಖ ಏರಿ ಕ್ರಿಯೆ ನಡೆದ ಮೇಲೆ ಝಿಂಕ್ ಆಕ್ಸೈಡ್, ಸ್ಟಿಯರಿಕ್, ಆಂಟಿಆಕ್ಸಿಡೆಂಟ್. ಗಂಧಕ, ಆಕ್ಸಿಲರೇಟರ್ ಎರಡನ್ನೂ ಹೀಗೆ ಸಿದ್ಧವಾದ ಮಾಸ್ಟರ್ ಬ್ಯಾಚ್ ಚೆನ್ನಾಗಿ ಆರಿದ ಮೇಲೆ, ಬೇರೆ ಹಂತದಲ್ಲಿ ಹಾಕಬೇಕು. ಟಿಇಎಸ್‌ಪಿಟಿಯ ತೂಕದಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಗಂಧಕವೇ ಇರುತ್ತದೆ, ಹಾಗಾಗಿ ಹಳೆಯ ಫಾರ್ಮುಲಾದ ಗಂಧಕವನ್ನು ಹಾಗೇ ಇಟ್ಟರೆ ಪೀಸ್ ಅಂದುಕೊಂಡದ್ದಕ್ಕಿಂತ ಗಡುಸಾಗಬಹುದು. ಇದನ್ನೂ ಗಮನದಲ್ಲಿಡಿ.

ಓಪನ್ ಮಿಲ್ ಬಿಟ್ಟು ಬೇರೆ ಮಿಕ್ಸರ್ ಇಲ್ಲದವರು ಏನು ಮಾಡಬೇಕು? ಟಿಇಎಸ್‌ಪಿಟಿ ದ್ರವದ ಆಸೆ ಬಿಡಿ ಎಂದೇ ಹೇಳುತ್ತೇನೆ. ಮೊದಲೇ ಸೈಲೇನ್ ಬೆಸೆದ ಕ್ಲೇ, ಸಿಲಿಕಾ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳಲ್ಲಿ ಬಿಸಿ ಕ್ರಿಯೆಯ ಕೆಲಸ ಫಿಲ್ಲರ್ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ನಿಮ್ಮ ಮಿಲ್ಲಿನಲ್ಲಿ ಚೆನ್ನಾಗಿ ಹರಡಿದರೆ ಸಾಕು. ಇಲ್ಲವೆ ನೀಡರ್ ಇರುವ ಪಕ್ಕದವರಲ್ಲಿ ಮಾಸ್ಟರ್ ಬ್ಯಾಚ್ ಜಾಬ್‌ವರ್ಕ್ ಮಾಡಿಸಿ. ಪೆರಾಕ್ಸೈಡ್ ಕ್ಯೂರಿನ ಇಪಿಡಿಎಂ ಮಾಡುವವರಿಗೆ ಗಂಧಕದ ಸೈಲೇನ್ ಹೊಂದುವುದಿಲ್ಲ, ವಿನೈಲ್ ಸೈಲೇನ್ ಕೇಳಿ ಪಡೆಯಬೇಕು. ಇನ್ನು ಸ್ಟೋರಿನ ಮಾತು: ಸೈಲೇನ್ ಗಾಳಿಯ ತೇವಕ್ಕೇ ಪ್ರತಿಕ್ರಿಯಿಸುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡ್ರಮ್ಮಿನಲ್ಲಿ ಅದು ತನ್ನೊಂದಿಗೆ ತಾನೇ ಬೆಸೆದುಕೊಂಡು ಕೆಡುತ್ತಾ ಹೋಗುತ್ತದೆ. ಸಣ್ಣ ಕ್ಯಾನಿನಲ್ಲಿ ಕೊಳ್ಳಿ, ತೆಗೆದ ತಕ್ಷಣ ಮುಚ್ಚಿ.

ನೀವು ಕೇಳಬಹುದು, ಇಷ್ಟೆಲ್ಲ ರಂಪ ದೊಡ್ಡ ಟಯರ್ ಕಂಪನಿಗಳಿಗೂ ಇತ್ತೇ ಎಂದು. ಇತ್ತು. ಟಿಇಎಸ್‌ಪಿಟಿಯನ್ನು ಜರ್ಮನಿಯ ಡೆಗುಸ್ಸಾ ಕಂಪನಿ 1970ರ ದಶಕದಲ್ಲೇ ಮಾರುಕಟ್ಟೆಗೆ ತಂದಿತ್ತು. ಸಿಲಿಕಾ ಅದಕ್ಕಿಂತ ಹಳೆಯದು. ಆದರೂ ಕಾರಿನ ಟಯರಿನ ಮೇಲ್ಪದರದಲ್ಲಿ ಕಾರ್ಬನ್ ಬ್ಲ್ಯಾಕ್ ಜಾಗಕ್ಕೆ ಸಿಲಿಕಾ ಬಂದದ್ದು 1990ರ ದಶಕದ ಆರಂಭದಲ್ಲಿ, ಮಿಶೆಲಿನ್ ಕಂಪನಿಯ ‘ಹಸಿರು ಟಯರ್’ ಮೂಲಕ. ಅದರ ಪೇಟೆಂಟಿನಲ್ಲಿ ರೊಲ್ಯಾಂಡ್ ರೋಲಿನ್ ಅವರ ಹೆಸರಿದೆ. ಡ್ರಮ್ ಇತ್ತು, ಪುಡಿ ಇತ್ತು, ನಡುವೆ ಸುಮಾರು ಇಪ್ಪತ್ತು ವರ್ಷ ಕಳೆಯಿತು. ಸರಿಯಾದ ರಬ್ಬರ್, ಸುಲಭವಾಗಿ ಹರಡುವ ಸಿಲಿಕಾ, ಶಾಖ ಕೊಟ್ಟು ಬೆರೆಸುವ ಕ್ರಮ ಎಲ್ಲ ಒಟ್ಟಿಗೆ ಕೂಡಿದಾಗ ಉರುಳುವಾಗ ನಷ್ಟವಾಗುವ ಶಕ್ತಿ ಇಳಿಯಿತು, ಒದ್ದೆ ರಸ್ತೆಯ ಹಿಡಿತವೂ ಕೈಬಿಡಲಿಲ್ಲ. ಪ್ರಪಂಚದ ಅತಿ ದೊಡ್ಡ ಕಂಪನಿಗಳೇ ಬೆರೆಸುವ ಕ್ರಮವನ್ನು ಬೇರೆಯಾಗಿ ಕಲಿಯಬೇಕಾಯಿತು. ಹಾಗಿರುವಾಗ ನಾವು ಹಳೆಯ ಮಿಲ್ಲಿಗೆ ಹೊಸ ದ್ರವ ಸುರಿದು ಫಲ ಕೇಳುವುದು ನ್ಯಾಯವಲ್ಲ.

ಕ್ರಿಯೆ ಆಯಿತೋ ಇಲ್ಲವೋ ತಿಳಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಟೆನ್ಸೈಲ್ ಯಂತ್ರದಲ್ಲಿ ಶೇ. 100 ಎಳೆದಾಗಿನ ಒತ್ತಡವನ್ನೂ ಶೇ. 300 ಎಳೆದಾಗಿನ ಒತ್ತಡವನ್ನೂ ಬರೆಸಿಕೊಳ್ಳಿ. ಹಾರ್ಡ್‌ನೆಸ್ ಬಲೆಯಿಂದಲೂ ಏರುತ್ತದೆ, ಅದೊಂದನ್ನೇ ನಂಬಿ ‘ಗಟ್ಟಿಯಾಯಿತು’ ಅನ್ನಬೇಡಿ. ಬೆಸುಗೆ ನಿಜವಾಗಿದ್ದರೆ ಶೇ. 300ರ ಅಂಕಿ ಶೇ. 100ರದಕ್ಕೆ ಹೋಲಿಸಿದರೆ ಎದ್ದು ಕಾಣುವಷ್ಟು ಏರುತ್ತದೆ. ಸೈಲೇನ್ ಹಾಕಿದ ಬ್ಯಾಚ್, ಹಾಕದ ಬ್ಯಾಚ್ ಎರಡನ್ನೂ ಒಂದೇ ದಿನ, ಒಂದೇ ಪ್ರೆಸ್ಸಿನಲ್ಲಿ ಕ್ಯೂರ್ ಮಾಡಿ ಕಳಿಸಿ. ಮೈಸೂರಿನ ಸಿಪೆಟ್, ಅಲ್ಲಿಯೇ ಎಸ್‌ಜೆಸಿಇಯ ಪಾಲಿಮರ್ ವಿಭಾಗ, ಠಾಣೆಯ ಇರ್ಮ್ರಾ, ಕೊಟ್ಟಾಯಂನ ರಬ್ಬರ್ ಸಂಶೋಧನಾ ಸಂಸ್ಥೆ, ಇವುಗಳ ಬಾಗಿಲು ತಟ್ಟಲು ಹಿಂಜರಿಯಬೇಡಿ. ರಬ್ಬರಿನ ವಿದ್ಯೆ ಓದಿದವರು ಅಲ್ಲಿದ್ದಾರೆ, ಅವರಿಗೂ ಶಾಪ್ ಫ್ಲೋರಿನ ಪ್ರಶ್ನೆ ಬೇಕು.

ಗಂಗಾವತಿ, ಸಿಂಧನೂರು ಕಡೆಯ ಕೆಲವರು ಭತ್ತದ ಹೊಟ್ಟಿನ ಬೂದಿಯನ್ನು ಫಿಲ್ಲರ್ ಮಾಡಬಹುದೇ ಎಂದು ವಿಚಾರಿಸಿದ್ದಾರೆ. ಒಳ್ಳೆಯ ಯೋಚನೆ. ಹೊಟ್ಟು ಸುಟ್ಟರೆ ಐದನೇ ಒಂದರಷ್ಟು ಬೂದಿ ಉಳಿಯುತ್ತದೆ, ಬೂದಿಯ ಬಹುಭಾಗ ಸಿಲಿಕಾ. ಅಮೆರಿಕದ ಗುಡ್‌ಇಯರ್ ಕಂಪನಿ ಈ ಬೂದಿಯಿಂದ ತೆಗೆದ ಸಿಲಿಕಾವನ್ನು ಟಯರಿಗೆ ಬಳಸುತ್ತಿದೆ. ‘ತೆಗೆದ’ ಅನ್ನುವಲ್ಲೇ ಕೆಲಸವೆಲ್ಲ ಇರುವುದು: ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ, ಆಮ್ಲ ಸೇರಿಸಿ ಮತ್ತೆ ಗರಣೆಗಟ್ಟಿಸಬೇಕು. ಬಾಯ್ಲರಿನ ಬೂದಿಯನ್ನು ಜರಡಿ ಹಿಡಿದು ನೇರವಾಗಿ ರಬ್ಬರಿಗೆ ಹಾಕಿದರೆ ಕಣ ದಪ್ಪ, ಮೈ ಕಡಿಮೆ, ಸೈಲೇನಿಗೆ ಹಿಡಿಯಲು ಜಾಗವಿಲ್ಲ. ಅತಿ ಬಿಸಿಯಲ್ಲಿ ಸುಟ್ಟ ಬೂದಿಯಲ್ಲಿ ಹರಳುಗಟ್ಟಿದ ಸಿಲಿಕಾ ಇರುತ್ತದೆ, ಅದರ ಧೂಳು ಶ್ವಾಸಕೋಶವನ್ನೇ ಕೆಡಿಸುತ್ತದೆ.

ಶ್ವಾಸಕೋಶದ ಮಾತು ಬಂತು. ತೂಕದ ಕೋಣೆಯ ಅಕ್ಕಂದಿರಿಗೆ ಈ ಪತ್ರದಲ್ಲಿ ನಾನು ಹೇಳಬೇಕಾದದ್ದು ಇಲ್ಲಿದೆ, ಮಾಲೀಕರೂ ದಯವಿಟ್ಟು ಓದಬೇಕು. ಹಾಕಿದ ರಾಸಾಯನಿಕ ಬೇರೆಯದಾಗುತ್ತದೆ ಎಂಬುದು ಸೈಲೇನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಟಿಎಂಟಿಡಿ, ಝಡ್‌ಡಿಸಿ ಇವು ನಮ್ಮ ಪ್ರತಿ ಘಟಕದ ಅಲ್ಮೇರಾದಲ್ಲಿರುವ ಆಕ್ಸಿಲರೇಟರುಗಳು. ಕ್ಯೂರಿಂಗಿನ ಬಿಸಿಯಲ್ಲಿ ಅವುಗಳಿಂದ ಸೆಕೆಂಡರಿ ಅಮೈನ್ ಹುಟ್ಟುತ್ತದೆ, ಅದು ಗಾಳಿಯ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ನೈಟ್ರೋಸಮೀನ್ ಆಗುತ್ತದೆ. ಹಾಗೆ ಹುಟ್ಟುವ ಡೈಮೀಥೈಲ್, ಡೈಈಥೈಲ್ ನೈಟ್ರೋಸಮೀನ್‌ಗಳು ಕ್ಯಾನ್ಸರ್ ತರಬಲ್ಲವು. ರಬ್ಬರ್ ತಯಾರಿಕಾ ಉದ್ಯಮದ ಕೆಲಸವನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ದೃಢಪಟ್ಟ ಗುಂಪಿನಲ್ಲಿ, ಇಟ್ಟಿದೆ. ಪ್ರೆಸ್ ತೆರೆದಾಗ ಮುಖಕ್ಕೆ ಹೊಡೆಯುವ ಬಿಳಿ ಹೊಗೆ ‘ರಬ್ಬರ್ ವಾಸನೆ’ ಎಂದುಕೊಂಡು ಸುಮ್ಮನಿರುವಂಥದ್ದಲ್ಲ.

ಬದಲಿ ಇದೆ. ಟಿಎಂಟಿಡಿ ಜಾಗಕ್ಕೆ ಟಿಬಿಝಡ್‌ಟಿಡಿ, ಝಡ್‌ಡಿಸಿ ಜಾಗಕ್ಕೆ ಝಡ್‌ಬಿಇಸಿ, ಮಾರ್ಫೊಲಿನ್ ಇರುವ ಆಕ್ಸಿಲರೇಟರ್ ಜಾಗಕ್ಕೆ ಟಿಬಿಬಿಎಸ್. ‘ಟ್ರೈ ಮಾಡಿದ್ವಿ, ಕ್ಯೂರ್ ಆಗ್ಲಿಲ್ಲ’ ಅನ್ನುವವರು ಗಮನಿಸಿ: ಟಿಬಿಝಡ್‌ಟಿಡಿಯ ಅಣು ಟಿಎಂಟಿಡಿಗಿಂತ ಎರಡೂಕಾಲು ಪಟ್ಟು ಭಾರ. ಗ್ರಾಂಗೆ ಗ್ರಾಂ ಹಾಕಿದರೆ ಅಣುಗಳು ಅರ್ಧಕ್ಕಿಂತ ಕಡಿಮೆ ಬಿದ್ದಂತಾಯಿತು. ತೂಕ ಏರಿಸಿ, ರಿಯೋಮೀಟರಿನಲ್ಲಿ ನೋಡಿ ಹೊಂದಿಸಿ. ಖರ್ಚು ಹೆಚ್ಚುತ್ತದೆ, ಇಲ್ಲ ಅನ್ನುವುದಿಲ್ಲ. ಲೀಟರ್ ಲೆಕ್ಕ ಹಾಕಿ ವೈಟಿಂಗ್ ಕಡಿಮೆ ಮಾಡಿದರೆ ಉಳಿಯುವ ದುಡ್ಡು ಇಲ್ಲಿಗೆ ಬರಲಿ ಎಂಬುದು ನನ್ನ ಬೇಡಿಕೆ.

ಕ್ಲೋರೋಪ್ರೀನ್ ಮಾಡುವವರು ಕ್ಯೂರಿಗೆ ಹಾಕುವ ಇಟಿಯು ಪುಡಿಯನ್ನು ಇನ್ನೂ ಬರಿಗೈಯಲ್ಲಿ ತೂಗುವುದನ್ನು ನೋಡಿದಾಗ ಸಂಕಟವಾಗುತ್ತದೆ. ಅದು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಗರ್ಭಿಣಿಯರು, ಮಗು ಬಯಸುವ ಹೆಣ್ಣುಮಕ್ಕಳು ಆ ಪೊಟ್ಟಣದ ಹತ್ತಿರ ಕೂಡ ಹೋಗಬಾರದು. ಬಿಡಲಾಗದಿದ್ದರೆ ಪಾಲಿಮರಿನಲ್ಲಿ ಕಟ್ಟಿದ ಗುಳಿಗೆ ರೂಪದಲ್ಲಿ ಕೊಳ್ಳಿ, ಧೂಳು ಏಳುವುದಿಲ್ಲ. ಕಪ್ಪು ಅರೋಮ್ಯಾಟಿಕ್ ಎಣ್ಣೆಯ ಬಗ್ಗೆ ಒಂದೇ ಮಾತು: ಯುರೋಪು 2010ರಿಂದ ಟಯರಿನಲ್ಲಿ ಅದಕ್ಕೆ ಕಡಿವಾಣ ಹಾಕಿದೆ, ಅದರಲ್ಲಿರುವ, ಕ್ಯಾನ್ಸರ್ ತರಬಲ್ಲ ಪಿಎಎಚ್‌ಗಳ ಕಾರಣಕ್ಕೆ. ರಫ್ತಿನ ಆರ್ಡರ್ ಬಂದಾಗ ಮಾತ್ರ ಒಳ್ಳೆಯ ಎಣ್ಣೆ, ಊರಿನ ಆರ್ಡರಿಗೆ ಹಳೆಯದು ಎಂಬ ಭೇದ ಬೇಡ. ಮಿಲ್ ಮುಂದೆ ನಿಲ್ಲುವ ಕೈಗಳು ಎರಡಕ್ಕೂ ಒಂದೇ.

ಕೆಲವೊಮ್ಮೆ ಕೆಲಸ ಸರಿಯಾಗಿಯೇ ಮಾಡುವ ರಾಸಾಯನಿಕವೂ ದೂರದಲ್ಲಿ ಎಲ್ಲೋ ಪೆಟ್ಟು ಕೊಡುತ್ತದೆ. ಟಯರ್ ಬಿರುಕು ಬಿಡದಂತೆ ಓಝೋನನ್ನು ತಡೆಯುವ 6ಪಿಪಿಡಿ ಅಂಥದ್ದು. ಓಝೋನ್ ಜೊತೆ ಸೇರಿ ಅದು ಕ್ವಿನೋನ್ ಆಗುತ್ತದೆ. ಅಮೆರಿಕದ ಸಿಯಾಟಲ್ ಸುತ್ತಮುತ್ತಲಿನ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೋ ಸಾಲ್ಮನ್ ಮೀನುಗಳು ಸಾಯುತ್ತಿದ್ದುದಕ್ಕೆ ರಸ್ತೆಯಿಂದ ತೊಳೆದು ಬಂದ ಈ ಕ್ವಿನೋನೇ ಕಾರಣ ಎಂದು 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ತೋರಿಸಿದರು. 6ಪಿಪಿಡಿಗೆ ಸರಿಸಾಟಿಯಾದ ಬದಲಿಗಾಗಿ ಹುಡುಕಾಟ ನಡೆದಿದೆ. ನಾವು ಇವತ್ತೇ ಬಿಡಲಾರೆವು. ಆದರೆ ಯಾವ ಪೀಸ್ ಬಿಸಿಲು-ಗಾಳಿಗೆ ಬೀಳುತ್ತದೆ, ಯಾವುದು ಗೇರ್‌ಬಾಕ್ಸಿನ ಒಳಗೇ ಇರುತ್ತದೆ ಎಂದು ನೋಡಿ ಹಾಕಬಹುದು. ಎಲ್ಲ ಕಾಂಪೌಂಡಿಗೂ ಕಣ್ಣುಮುಚ್ಚಿ ಒಂದೇ ಪ್ರಮಾಣ ಹಾಕುವ ಅಗತ್ಯವಿಲ್ಲ.

ಇನ್ನು ನನ್ನ ಕೋರಿಕೆಗಳು. ಮಾಲೀಕರೆ, ಪ್ರತಿ ಕೆಮಿಕಲ್ ಡಬ್ಬದ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ನಾಲ್ಕು ಸಾಲು ಅಂಟಿಸಿ: ಹೆಸರು, ಮುಟ್ಟಿದರೆ ಏನಾಗುತ್ತದೆ, ಉಸಿರಿಗೆ ಹೋದರೆ ಏನಾಗುತ್ತದೆ, ಬಿಸಿಯಾದರೆ ಏನಾಗುತ್ತದೆ. ನಿಮ್ಮ ನಿಮ್ಮ ಕೈಗಾರಿಕಾ ಸಂಘದಲ್ಲಿ ಸೇರಿ ಒಂದು ರಿಯೋಮೀಟರ್ ಸಾಮೂಹಿಕವಾಗಿ ಕೊಳ್ಳುವ ಬಗ್ಗೆ ಮುಂದಿನ ಸಭೆಯಲ್ಲೇ ಮಾತೆತ್ತಿ, ಒಬ್ಬೊಬ್ಬರಿಗೆ ಭಾರವಾದದ್ದು ಹತ್ತಾರು ಜನಕ್ಕೆ ಭಾರವಲ್ಲ. ಮಿಲ್ಲಿನ ಅಣ್ಣಂದಿರೆ, ಬ್ಯಾಚ್ ಇಳಿಸಿದಾಗಿನ ಶಾಖ ಬರೆಯದ ಕಾರ್ಡಿಗೆ ಸಹಿ ಹಾಕಬೇಡಿ. ಅಕ್ಕಂದಿರೆ, ಡಬ್ಬದ ಮೇಲೆ ಚೀಟಿ ಇಲ್ಲದ ಪುಡಿಯನ್ನು ತೂಗುವುದಿಲ್ಲ ಎಂದು ಹೇಳುವ ಹಕ್ಕು ನಿಮಗಿದೆ, ಹೇಳಿ. ಸೈಲೇನ್ ಹಾಕಿದ ಮತ್ತು ಹಾಕದ ಬ್ಯಾಚ್‌ಗಳ ಫಲಿತಾಂಶ ಬಂದ ಮೇಲೆ, ಶಾಖದ ಅಂಕಿಗಳ ಸಮೇತ ಸಂಘದ ಸಭೆಗೆ ತನ್ನಿ. ನಾನೂ ಬರುತ್ತೇನೆ, ಗ್ರಾಫುಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೂ ನೋಡೋಣ.

ಇಂತಿ ನಿಮ್ಮವ,
ರಬ್ಬರ್ ಕಾಂಪೌಂಡ್ ಕೆಲಸದ ಒಬ್ಬ ಸಹೋದ್ಯೋಗಿ